ಮನೆ ಕೆಲಸದ ಬಿಲ್ಲಿನಲ್ಲಿ ‘ಗಾಡಿ ಖರ್ಚು’: ಎಷ್ಟು ಕೊಡಬೇಕು, ಯಾವುದನ್ನು ಕೇಳಬೇಕು?

ಮನೆ ರಿಪೇರಿ ಮುಗಿಯುತ್ತದೆ, ಬಿಲ್ ಕೈಗೆ ಬರುತ್ತದೆ. ಸಿಮೆಂಟು, ಪೈಪು, ಸಂಬಳ ಇವುಗಳ ರೇಟು ನಮಗೆ ಸುಮಾರಾಗಿ ಗೊತ್ತಿರುತ್ತದೆ, ಅಲ್ಲಿ ದೊಡ್ಡ ಗಲಾಟೆ ಆಗುವುದಿಲ್ಲ. ಗಲಾಟೆ ಆಗುವುದು ಕೊನೆಯ ಸಾಲಿನಲ್ಲಿ. ‘ಗಾಡಿ ಖರ್ಚು’ ಅಂತಲೋ ‘ಟ್ರಾವೆಲಿಂಗ್’ ಅಂತಲೋ ಬರೆದು ಎದುರಿಗೆ ಒಂದು ರೌಂಡ್ ಮೊತ್ತ ಹಾಕಿರುತ್ತಾರೆ. ಎಂಟು ಸಾವಿರ, ಹದಿನಾಲ್ಕು ಸಾವಿರ, ಹೀಗೆ. ಇದು ಯಾವ ಲೆಕ್ಕ ಅಂತ ಕೇಳಿದರೆ, "ಪೆಟ್ರೋಲ್ ರೇಟ್ ಗೊತ್ತುಂಟಲ್ಲ" ಅನ್ನುವ ಉತ್ತರ ಬರುತ್ತದೆ.

ನಮ್ಮ ಕಾಸರಗೋಡಿನ ಕಡೆ ಈ ತಕರಾರು ಜಾಸ್ತಿ. ಮಂಜೇಶ್ವರ, ಉಪ್ಪಳ, ಬಾಯಾರು, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಎಲ್ಲಿ ನೋಡಿದರೂ ಮನೆಗಳು ತೋಟದ ನಡುವೆ, ಗುಡ್ಡದ ಬುಡದಲ್ಲಿ, ಮುಖ್ಯ ರಸ್ತೆಯಿಂದ ಒಳಗೆ. ಗಾರೆ ಕೆಲಸಕ್ಕೆ ಊರಿನ ಮೇಸ್ತ್ರಿ ಸಿಗುತ್ತಾರೆ. ಆದರೆ ಟೆರೇಸಿನ ಮೇಲೆ ಶೀಟು ಹಾಕಿಸಬೇಕು, ಅಲ್ಯೂಮಿನಿಯಂ ಕಿಟಕಿ ಕೂರಿಸಬೇಕು, ಅಡುಗೆಮನೆಗೆ ಕಬೋರ್ಡ್ ಮಾಡಿಸಬೇಕು ಅಂದರೆ ನಾವು ಮಂಗಳೂರಿನವರನ್ನೋ ಕಾಞಂಗಾಡಿನವರನ್ನೋ ಕರೆಸುತ್ತೇವೆ. ಮಂಗಳೂರಿನಿಂದ ಕಾಸರಗೋಡು ಪೇಟೆಗೇ ಸುಮಾರು 50 ಕಿಲೋಮೀಟರ್. ನಡುವೆ ತಲಪಾಡಿಯ ಟೋಲ್ ಬೇರೆ, ರಾಜ್ಯದ ಗಡಿ ಬೇರೆ. ಹಾಗಾಗಿ ಓಡಾಟದ ಖರ್ಚು ಅನ್ನುವುದು ನಮ್ಮಲ್ಲಿ ನಿಜವಾಗಿಯೂ ದೊಡ್ಡ ಖರ್ಚೇ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಗಾಡಿ ಖರ್ಚು ಕೇಳುವುದು ತಪ್ಪಲ್ಲ. ಬೆಳಗ್ಗೆ ಆರೂವರೆಗೆ ಮನೆಯಿಂದ ಹೊರಟು, ನಮ್ಮ ಕಲ್ಲುಮುಳ್ಳಿನ ರಸ್ತೆಯಲ್ಲಿ ವೆಲ್ಡಿಂಗ್ ಮೆಷಿನ್ ಹೊತ್ತುಕೊಂಡು ಬರುವವರಿಗೆ ಅದರ ದುಡ್ಡು ಸಿಗಲೇಬೇಕು. ನಾವು ಕೇಳಬೇಕಾದದ್ದು ಮೂರೇ ಪ್ರಶ್ನೆ. ಇದರ ಬಗ್ಗೆ ಮೊದಲೇ ಮಾತಾಗಿತ್ತಾ? ಆ ಓಡಾಟ ಯಾರ ಕೆಲಸಕ್ಕಾಗಿ ಆಯಿತು? ನಿಜವಾಗಿ ಆದ ಖರ್ಚು ಎಷ್ಟು?

ಮಾತಾಗಿತ್ತಾ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ, ಕಾಗದದಲ್ಲೇ ಇರಬೇಕು ಅಂತಿಲ್ಲ. ಅಂಗಳದಲ್ಲಿ ನಿಂತು "ಎಲ್ಲಾ ಸೇರಿ ಒಂದೂಮುಕ್ಕಾಲು ಲಕ್ಷ" ಅಂತ ಅವರು ಹೇಳಿ ನೀವು ಹೂಂ ಅಂದಿದ್ದರೆ, ಆ ‘ಎಲ್ಲಾ ಸೇರಿ’ಯೊಳಗೆ ಗಾಡಿಯೂ ಸೇರಿತು. ಆಮೇಲೆ ಬೇರೆ ಸಾಲು ಹಾಕುವಂತಿಲ್ಲ. ಚದರಡಿಗೆ ಇಷ್ಟು ಅಂತ ಗುತ್ತಿಗೆ ಕೊಟ್ಟಿದ್ದರೂ ಹೆಚ್ಚು ಕಡಿಮೆ ಹೀಗೆಯೇ. ಗಾಡಿ ಬೇರೆ ಅಂತ ಅವರು ಆಗಲೇ ಹೇಳಿರದಿದ್ದರೆ ರೇಟಿನಲ್ಲೇ ಅದು ಸೇರಿದೆ ಅಂತ ನೀವು ವಾದಿಸಬಹುದು, ಆ ವಾದಕ್ಕೆ ಗಟ್ಟಿತನವೂ ಇದೆ.

ಏನೂ ಮಾತಾಗಿರಲಿಲ್ಲ ಅಂದುಕೊಳ್ಳಿ. ಆಗ "ನೀವು ಹೇಳಿರಲಿಲ್ಲ, ಒಂದು ಪೈಸೆ ಕೊಡುವುದಿಲ್ಲ" ಅನ್ನುವುದೂ ಸರಿಯಲ್ಲ. ಅದೇ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಒಬ್ಬರು ಪುಕ್ಕಟೆಯಾಗಿ ಅಲ್ಲದೆ ನಮಗೋಸ್ಕರ ನ್ಯಾಯವಾಗಿ ಏನಾದರೂ ಮಾಡಿ ನಾವು ಅದರ ಪ್ರಯೋಜನ ಪಡೆದಿದ್ದರೆ, ಅದಕ್ಕೆ ತಕ್ಕ ಹಣ ಕೊಡಬೇಕು. ತಕ್ಕ ಹಣ ಅಷ್ಟೇ, ಅವರ ಬಾಯಿಗೆ ಬಂದಷ್ಟಲ್ಲ. ಊರಿನ ರೂಢಿ ಏನು ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದಿನಸಂಬಳಕ್ಕೆ ಬರುವವರಿಗೆ ಬಸ್ ಚಾರ್ಜು ಕೊಡುವ ರೂಢಿ ನಿಮ್ಮ ಊರಿನಲ್ಲಿದ್ದರೆ, ಆ ವಾದಕ್ಕೂ ಬಲ ಬರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಬಾಯಾರು ಕಡೆಯ ನಮ್ಮ ನೆಂಟರೊಬ್ಬರ ಮನೆಗೆ ಟೆರೇಸಿನ ಮೇಲೆ ಶೀಟು ಹಾಕಿದ ಬಿಲ್ಲನ್ನೇ ತೆಗೆದುಕೊಳ್ಳುತ್ತೇನೆ. ಕೆಲಸದವರು ಮಂಗಳೂರಿನ ಕಡೆಯವರು, ಅವರ ವರ್ಕ್‌ಶಾಪಿನಿಂದ ಈ ಮನೆಗೆ 45 ಕಿಲೋಮೀಟರ್. ಬಿಲ್ಲಿನಲ್ಲಿ ಇದ್ದದ್ದು ಒಂದೇ ಸಾಲು: ‘ಟ್ರಾವೆಲಿಂಗ್, 14 ದಿನ, ದಿನಕ್ಕೆ 1,000, ಒಟ್ಟು 14,000 ರೂಪಾಯಿ.’ ಮೇಲ್ನೋಟಕ್ಕೆ ತುಂಬಾ ಸರಳ. ದಿನಕ್ಕೆ 90 ಕಿಲೋಮೀಟರ್ ಓಡಾಟ, ಸಾವಿರ ರೂಪಾಯಿ, ಜಾಸ್ತಿ ಅನ್ನಿಸುವುದೂ ಇಲ್ಲ.

ಆದರೆ ಆ ಮನೆಯ ಅತ್ತೆ ಕ್ಯಾಲೆಂಡರಿನಲ್ಲಿ ಕೆಲಸದವರು ಬಂದ ದಿನಗಳಿಗೆಲ್ಲ ಗುರುತು ಹಾಕಿದ್ದರು, ಮಧ್ಯಾಹ್ನದ ಊಟದ ಲೆಕ್ಕಕ್ಕೆ. ಅದನ್ನು ಬಿಲ್ಲಿನ ಪಕ್ಕಕ್ಕೆ ಇಟ್ಟು ನೋಡಿದಾಗ ವಿಷಯ ಬಿಡಿಸಿಕೊಂಡಿತು. ಪಿಕಪ್ ಬಂದದ್ದು 4 ದಿನ: ಪೈಪು ತಂದ ದಿನ, ಮೆಷಿನ್ ತಂದ ದಿನ, ಶೀಟು ತಂದ ದಿನ, ಕೊನೆಗೆ ಎಲ್ಲಾ ವಾಪಸ್ ಒಯ್ದ ದಿನ. ಉಳಿದ 8 ದಿನ ಇಬ್ಬರು ಹುಡುಗರು ಒಂದೇ ಬೈಕಿನಲ್ಲಿ ಬಂದು ಹೋಗುತ್ತಿದ್ದರು. ಮತ್ತೆ 2 ದಿನ ಬಂದದ್ದು ಯಾಕೆ? ಒಂದು ಬದಿಯ ಇಳಿಜಾರು ಅಳತೆ ತಪ್ಪಿ ನೀರು ಗೋಡೆಗೆ ಬೀಳುತ್ತಿತ್ತು, ಅದನ್ನು ಬಿಚ್ಚಿ ಸರಿ ಮಾಡಲಿಕ್ಕೆ.

ಪಿಕಪ್ಪಿಗೆ ಸಾವಿರ ಕೊಡಬಹುದು. ಲೀಟರಿಗೆ 13 ಕಿಲೋಮೀಟರ್ ಅಂತ ಹಿಡಿದರೂ 90 ಕಿಲೋಮೀಟರಿಗೆ ಸುಮಾರು 7 ಲೀಟರ್ ಡೀಸೆಲ್ ಬೇಕು. ಅದರ ಮೇಲೆ ಟಯರ್ ಸವೆತ, ಇನ್ಶೂರೆನ್ಸ್, ಸರ್ವಿಸ್ ಎಲ್ಲಾ ಸೇರಿದರೆ ಸಾವಿರ ನ್ಯಾಯವೇ. ಬೈಕಿಗೆ ಆದರೋ, ಲೀಟರಿಗೆ 45 ಅಂತ ಹಿಡಿದರೆ 2 ಲೀಟರ್ ಪೆಟ್ರೋಲ್ ಸಾಕು. ಸವೆತ ಸೇರಿಸಿ 300 ರೂಪಾಯಿ ಅಂದರೆ ಧಾರಾಳವಾಯಿತು. ತಮ್ಮದೇ ತಪ್ಪು ತಿದ್ದಲು ಬಂದ 2 ದಿನಕ್ಕೆ ಏನೂ ಇಲ್ಲ. ಅಲ್ಲಿಗೆ ಪಿಕಪ್ಪಿನದು 4,000, ಬೈಕಿನದು 2,400, ಒಟ್ಟು 6,400. ಕೇಳಿದ್ದು 14,000. ವ್ಯತ್ಯಾಸ 7,600. ಈ ಹಣದ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ ಹಾಕಿದ್ದರು, ಅಂದರೆ ಮತ್ತೆ 1,368. ಒಟ್ಟು 8,968 ರೂಪಾಯಿ. ಒಂದು ಮಧ್ಯಮ ಮನೆಯವರಿಗೆ ಇದು ಸಣ್ಣ ಹಣವಲ್ಲ ಮಾರಾಯ್ರೇ.

ಗಮನಿಸಿ, ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. 14 ದಿನ ಬಂದದ್ದು ನಿಜವೇ. ಎಲ್ಲಾ ದಿನಗಳನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿದ್ದರಿಂದ ತೊಂದರೆ ಆಯಿತು. ಅದಕ್ಕೇ ಗಾಡಿ ಖರ್ಚಿನ ಬಗ್ಗೆ ಮಾತಾಡುವ ಮೊದಲು ದಿನದಿನದ ವಿವರ ಕೇಳಬೇಕು. ಯಾವ ದಿನ, ಯಾವ ಗಾಡಿ, ಎಷ್ಟು ಜನ, ಏನು ಕೆಲಸಕ್ಕೆ. ನೇರವಾಗಿ "ಜಾಸ್ತಿ ಆಯ್ತು, ಕಡಿಮೆ ಮಾಡಿ" ಅಂದರೆ ಅದು ಚೌಕಾಸಿ ಆಗುತ್ತದೆ, ಅವರು ಐನೂರು ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ.

ಯಾವ ಓಡಾಟ ಯಾರ ತಲೆಗೆ ಅನ್ನುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಇಷ್ಟು. ಅವರ ತಪ್ಪಿನಿಂದ, ಮರೆವಿನಿಂದ ಆದದ್ದು ಅವರದು. ಡ್ರಿಲ್ ಬಿಟ್ ಮನೆಯಲ್ಲೇ ಬಿಟ್ಟು ಬಂದು ತರಲು ವಾಪಸ್ ಹೋದರೆ ಅದಕ್ಕೆ ನಾವು ಕೊಡಬೇಕಾಗಿಲ್ಲ. ನಮ್ಮಿಂದ ಆದದ್ದು ನಮ್ಮದು. ಬರಲು ಹೇಳಿ ಮನೆಗೆ ಬೀಗ ಹಾಕಿ ಮದುವೆಗೆ ಹೋಗಿದ್ದರೆ, ಟೈಲ್ಸ್ ಬಂದಿಲ್ಲ ಅಂತ ಅವರನ್ನು ಬರಿಗೈಯಲ್ಲಿ ಕಳಿಸಿದ್ದರೆ, ನಡುವೆ ಮನಸ್ಸು ಬದಲಾಯಿಸಿ ಬೇರೆ ಡಿಸೈನ್ ಕೇಳಿದ್ದರೆ, ಆ ದಿನದ ಗಾಡಿ ಖರ್ಚು ಮರುಮಾತಿಲ್ಲದೆ ಕೊಡಬೇಕು. ಮಳೆ ಬಂದು ಕೆಲಸ ನಿಂತದ್ದು, ಕರೆಂಟ್ ಹೋಗಿ ವೆಲ್ಡಿಂಗ್ ಆಗದೇ ಇದ್ದದ್ದು ಯಾರ ತಪ್ಪೂ ಅಲ್ಲ, ಅರ್ಧರ್ಧ ಮಾಡಿಕೊಳ್ಳುವುದು ಮರ್ಯಾದೆ. ಕೆಲಸಕ್ಕೆ ಮೊದಲು ಬಂದು ಅಳತೆ ನೋಡಿ ಹೋದದ್ದಕ್ಕೆ ಆಗಲೇ ಏನೂ ಹೇಳದೆ ಕೊನೆಯ ಬಿಲ್ಲಿನಲ್ಲಿ ಸೇರಿಸುವುದು ಸರಿಯಲ್ಲ. ಕೆಲಸ ಹಿಡಿಯಲು ಬಂದ ಓಡಾಟ ಅವರ ವ್ಯಾಪಾರದ ಖರ್ಚು.

ಇನ್ನೊಂದು ಸಂಗತಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಒಂದೇ ಟ್ರಿಪ್ಪಿನಲ್ಲಿ ಎರಡು ಮನೆಯ ಕೆಲಸ. ಪೆರ್ಲದಲ್ಲಿ ಒಂದು ಮನೆಗೆ ಕಿಟಕಿ ಕೂರಿಸಿ, ಅಲ್ಲಿಂದ ನಿಮ್ಮ ಮನೆಗೆ ಬಂದು, ಇಬ್ಬರ ಹತ್ತಿರವೂ ಮಂಗಳೂರಿನಿಂದ ಬಂದ ಪೂರ್ತಿ ಖರ್ಚು ತೆಗೆದುಕೊಂಡರೆ ಅದು ನ್ಯಾಯವಲ್ಲ. ಹಾಗೆಯೇ ದಾರಿಯಲ್ಲಿ ಕಳೆದ ಹೊತ್ತು. ಗಾಡಿಯ ಖರ್ಚು ಬೇರೆ, ದಾರಿಯಲ್ಲಿ ಕಳೆದ ಸಮಯದ ಕೂಲಿ ಬೇರೆ. ಎರಡನ್ನೂ ಕೇಳಬಹುದು, ಆದರೆ ಎಂಟು ಗಂಟೆಯಿಂದ ಐದು ಗಂಟೆಯವರೆಗಿನ ಪೂರ್ತಿ ಸಂಬಳ ಲೆಕ್ಕ ಹಾಕಿ, ಅವರು ಕೆಲಸಕ್ಕೆ ಕೈ ಹಾಕಿದ್ದೇ ಹತ್ತು ಗಂಟೆಗೆ ಅಂತಾದರೆ, ದಾರಿಯ ಸಮಯಕ್ಕೆ ಸಂಬಳದಲ್ಲೇ ದುಡ್ಡು ಹೋಗಿಬಿಟ್ಟಿದೆ. ಮೇಲಿನಿಂದ ‘ಟ್ರಾವೆಲ್ ಟೈಮ್’ ಅಂತ ಇನ್ನೊಂದು ಸಾಲು ಬಂದರೆ ಒಂದೇ ಹೊತ್ತಿಗೆ ಎರಡು ಸಲ ಕೊಟ್ಟಂತೆ.

ಟೋಲ್ ಬಗ್ಗೆ ಎರಡು ಮಾತು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಬೈಕಿಗೆ ಹಣ ಇಲ್ಲ. ಹಾಗಾಗಿ ಬೈಕಿನಲ್ಲಿ ಬಂದ ದಿನಕ್ಕೆ ತಲಪಾಡಿ ಟೋಲ್ ಹಾಕಿದ್ದರೆ ಅದನ್ನು ಹೊಡೆದು ಹಾಕಬಹುದು. ನಾಲ್ಕು ಚಕ್ರದ ಗಾಡಿ 24 ಗಂಟೆಯೊಳಗೆ ವಾಪಸ್ ಹೋದರೆ ಹೋಗಿ ಬರುವ ಎರಡೂ ಸೇರಿ ಒಂದೂವರೆ ಪಟ್ಟು, ಎರಡು ಪಟ್ಟು ಅಲ್ಲ. ಫಾಸ್ಟ್ಯಾಗ್ ಸ್ಟೇಟ್‌ಮೆಂಟಿನಲ್ಲಿ ದಿನಾಂಕ, ಗಂಟೆ, ಮೊತ್ತ ಎಲ್ಲಾ ಇರುತ್ತದೆ. ಅದನ್ನೊಂದು ಫೋಟೋ ತೆಗೆದು ಕಳಿಸಿ ಅಂತ ಕೇಳಿದರೆ ಸಾಕು, ಎಷ್ಟು ದಿನ ಗಾಡಿ ಗಡಿ ದಾಟಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಶೀಟು, ಟೈಲ್ಸ್ ಬಂದ ದಿನದ ಗಾಡಿ ಖರ್ಚಿನೊಳಗೆ ಕೆಲವರು ಲೋಡಿಂಗ್ ಹಣವನ್ನೂ ಸೇರಿಸುತ್ತಾರೆ. ಅದನ್ನು ಬೇರೆ ಬರೆಯಿಸಿ. ಇಳಿಸಿದವರಿಗೆ ಕೊಟ್ಟ ಕೂಲಿ ಆದರೆ ಸರಿ. ಕೆಲಸ ಮಾಡದೆ ಸುಮ್ನೆ ನಿಂತು ನೋಡಿದ್ದಕ್ಕೆ ಕೊಡುವ ನೋಕ್ಕುಕೂಲಿಯನ್ನು ಕೇರಳ ಸರ್ಕಾರ 2018ರ ಮೇ 1ರಿಂದಲೇ ನಿಲ್ಲಿಸಿದೆ. ಅದನ್ನು ಗಾಡಿ ಖರ್ಚಿನ ಹೆಸರಿನಲ್ಲಿ ನಿಮ್ಮ ಮೇಲೆ ಹಾಕಲು ಬಿಡಬೇಡಿ.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಜಾಸ್ತಿ. "ಪೆಟ್ರೋಲಿಗೆ ಮೊದಲೇ ತೆರಿಗೆ ಕೊಟ್ಟಿದ್ದಾರೆ, ಗಾಡಿ ಖರ್ಚಿನ ಮೇಲೆ ಜಿಎಸ್‌ಟಿ ಹೇಗೆ?" ಅಂತ ತುಂಬಾ ಜನ ಕೇಳುತ್ತಾರೆ. ಕೆಲಸದ ಜೊತೆಗೆ ಅವರು ನಮ್ಮಿಂದ ವಸೂಲು ಮಾಡುವ ಇಂಥ ಬಿಡಿ ಖರ್ಚುಗಳೂ ಕೆಲಸದ ಬೆಲೆಯಲ್ಲೇ ಸೇರುತ್ತವೆ ಅಂತ 2017ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನೋಂದಣಿ ಇರುವವರು ಅದರ ಮೇಲೆ ತೆರಿಗೆ ಹಾಕಿದರೆ ತಪ್ಪಿಲ್ಲ. ನೋಂದಣಿ ಇಲ್ಲದವರು ಮಾತ್ರ ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಕಾಂಪೋಸಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರದವರು ಒಟ್ಟು ವಹಿವಾಟಿನ ಮೇಲೆ ತಮ್ಮ ಕೈಯಿಂದಲೇ ಸಣ್ಣ ದರದ ತೆರಿಗೆ ಕಟ್ಟುವ ವ್ಯವಸ್ಥೆಯಲ್ಲಿ ಇರುವವರೂ ಅಷ್ಟೇ. ಬಿಲ್ಲಿನ ಮೇಲೆ 15 ಅಕ್ಷರದ ನಂಬರ್ ಉಂಟಾ ನೋಡಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ಅದೇ ಹೆಸರು ಬರುತ್ತದಾ ನೋಡಿ. ನಂಬರ್ 29ರಿಂದ ಶುರುವಾದರೆ ಕರ್ನಾಟಕದ್ದು, 32 ಆದರೆ ಕೇರಳದ್ದು. ನಿಮ್ಮ ಮನೆ ಇರುವುದು ಕೇರಳದಲ್ಲಿ, ಮನೆಗೆ ಸಂಬಂಧಪಟ್ಟ ಕೆಲಸಕ್ಕೆ ಮನೆ ಇರುವ ಜಾಗವೇ ಲೆಕ್ಕ. ಆದ್ದರಿಂದ ಕರ್ನಾಟಕದ ನಂಬರಿನವರು, ಒಂದು ರಾಜ್ಯದವರು ಇನ್ನೊಂದು ರಾಜ್ಯದಲ್ಲಿ ಮಾಡುವ ಕೆಲಸಕ್ಕೆ ಇರುವ ಐಜಿಎಸ್‌ಟಿ ಅಂತ ಒಂದೇ ಸಾಲು ಹಾಕಬೇಕು, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಅಂತ ಒಂದೇ ರಾಜ್ಯದೊಳಗಿನ ಕೆಲಸಕ್ಕೆ ಹಾಕುವ ಎರಡು ಸಾಲು ಹಾಕಿದ್ದರೆ ಬಿಲ್ಲೇ ಸರಿಯಿಲ್ಲ. ಮೊತ್ತ ಎರಡೂ ಕಡೆ ಒಂದೇ ಆಗುತ್ತದೆ, ಆದರೆ ಬಿಲ್ ಎಷ್ಟು ಗಮನವಿಟ್ಟು ಮಾಡಿದ್ದಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಲೆಕ್ಕ ನಿಮಗೆ ಸ್ಪಷ್ಟವಾದ ಮೇಲೆ ಮಾತಾಡಿ. ಅಂಗಳದಲ್ಲಿ, ಅವರ ಕೆಲಸದ ಹುಡುಗರ ಎದುರು ಬೇಡ. ಅವಮಾನ ಆದವರು ಲೆಕ್ಕ ಕೇಳುವುದಿಲ್ಲ, ಹಟಕ್ಕೆ ಬೀಳುತ್ತಾರೆ. ಫೋನಿನಲ್ಲಿ ಮಾತಾಡಿ, ಆಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆದು ಹಾಕಿ. ನೆಂಟರ ಮನೆಯಿಂದ ಹೋದ ಮೆಸೇಜು ಹೆಚ್ಚು ಕಡಿಮೆ ಹೀಗಿತ್ತು: "ಮೇಸ್ತ್ರಿಗಳೇ, ನಮಸ್ಕಾರ. ಶೀಟಿನ ಕೆಲಸ ಚಂದ ಆಗಿದೆ. ಬಿಲ್ಲಿನಲ್ಲಿ ಟ್ರಾವೆಲಿಂಗ್ 14,000 ಅಂತ ಉಂಟು. ನಮ್ಮ ಲೆಕ್ಕದಲ್ಲಿ ಪಿಕಪ್ 4 ದಿನ, ಬೈಕ್ 8 ದಿನ, ಇಳಿಜಾರು ಸರಿ ಮಾಡಲು 2 ದಿನ. ಆ ಪ್ರಕಾರ 6,400 ಆಗುತ್ತದೆ. ನಿಮ್ಮ ಲೆಕ್ಕ ಬೇರೆ ಇದ್ದರೆ ದಿನಾಂಕ ಹಾಕಿ ಕಳಿಸಿ, ನೋಡುತ್ತೇವೆ. ಬಾಕಿ ಎಲ್ಲಾ ಹಣ ಇವತ್ತೇ ಹಾಕುತ್ತಿದ್ದೇವೆ." ಇದರಲ್ಲಿ ಕೆಲಸದ ಮೆಚ್ಚುಗೆ ಇದೆ, ಅಂಕಿ ಇದೆ, ಅವರಿಗೆ ಉತ್ತರಿಸಲು ದಾರಿಯೂ ಇದೆ.

ಕೊನೆಯ ಸಾಲು ತುಂಬಾ ಮುಖ್ಯ. ತಕರಾರು ಇಲ್ಲದ ಹಣವನ್ನು ತಡೆ ಹಿಡಿಯಬೇಡಿ. ಗಾಡಿ ಖರ್ಚಿನ ಜಗಳಕ್ಕೆ ಹುಡುಗರ ಸಂಬಳ ನಿಲ್ಲಿಸಿದರೆ ನ್ಯಾಯ ನಿಮ್ಮ ಕೈಯಿಂದ ಜಾರಿತು. ಅವರ ಮೆಷಿನ್, ಏಣಿ ಇಟ್ಟುಕೊಳ್ಳುವುದಂತೂ ಮಾಡಲೇಬಾರದ ಕೆಲಸ. ಹಣವನ್ನು ಬ್ಯಾಂಕಿನ ಮೂಲಕವೋ ಯುಪಿಐನಲ್ಲೋ ಕಳಿಸಿ, ಯಾವುದಕ್ಕೆ ಅಂತ ನೋಟ್ ಬರೆಯಿರಿ. ರಾಜಿ ಆಗಿ ಅವರು ಕಡಿಮೆಗೆ ಒಪ್ಪಿದರೆ, ‘ಲೆಕ್ಕ ಪೂರ್ತಿ ತೀರಿತು’ ಅಂತ ಒಂದು ಸಾಲು ಬರೆಯಿಸಿ ಸಹಿ ಹಾಕಿಸಿ, ಅಥವಾ ಮೆಸೇಜಿನಲ್ಲೇ ತರಿಸಿಕೊಳ್ಳಿ. ಕರಾರು ಕಾಯ್ದೆಯ 63ನೇ ಸೆಕ್ಷನ್ ಇಲ್ಲಿ ನಿಮ್ಮ ಪರ ಇದೆ. ಅದರ ಜೊತೆಗೆ ಕೊಟ್ಟಿರುವ ಉದಾಹರಣೆಯೇ ಇಂಥದ್ದು: 5,000 ರೂಪಾಯಿ ಬಾಕಿ ಇದ್ದವನಿಂದ 2,000 ಪಡೆದು ಅದನ್ನೇ ಪೂರ್ತಿ ಬಾಕಿಗೆ ಅಂತ ಒಪ್ಪಿಕೊಂಡರೆ, ಇಡೀ ಸಾಲ ತೀರಿದ ಹಾಗೆ. ಮುಂದೆ ಮತ್ತೆ ಕೇಳುವಂತಿಲ್ಲ.

ಒಂದು ಎಚ್ಚರಿಕೆ. ಪಂಪಿನ ಮೋಟರನ್ನು ಬಿಚ್ಚಿ ರಿಪೇರಿಗೆ ಅಂತ ಅವರು ತಮ್ಮ ಅಂಗಡಿಗೆ ಒಯ್ದಿದ್ದರೆ ಲೆಕ್ಕಾಚಾರ ಬದಲಾಗುತ್ತದೆ. ಆ ವಸ್ತುವಿನ ಮೇಲೆ ಮಾಡಿದ ಕೆಲಸದ ಹಣ ಬರುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿಯವರಿಗೆ ಇದೆ, 170ನೇ ಸೆಕ್ಷನ್ ಪ್ರಕಾರ. ಮಾರ್ಚ್ ತಿಂಗಳಲ್ಲಿ ಅಡಿಕೆ ತೋಟ ಒಣಗುತ್ತಿರುವಾಗ ಗಾಡಿ ಖರ್ಚಿನ ವಾದ ಮಾಡಲು ನಿಮ್ಮ ಹತ್ತಿರ ಸಮಯ ಇರುವುದಿಲ್ಲ, ಅದು ಅವರಿಗೂ ಗೊತ್ತು. ಮೋಟರ್ ಗಾಡಿಗೆ ಹತ್ತಿಸುವ ಮೊದಲೇ ಹೋಗಿ ಬರುವ ಚಾರ್ಜು ಎಷ್ಟು ಅಂತ ಮೆಸೇಜಿನಲ್ಲಿ ಕೇಳಿ ಉತ್ತರ ಪಡೆಯಿರಿ.

ಮಾತಿಗೆ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರು ದಾಖಲಿಸಿಕೊಂಡು ಎದುರು ಪಾರ್ಟಿಗೆ ಕಳಿಸುತ್ತಾರೆ. ದೊಡ್ಡ ಕಂಪನಿಗಳಿಗೆ ಇದು ಚೆನ್ನಾಗಿ ನಾಟುತ್ತದೆ, ಸಣ್ಣ ಕಂತ್ರಾಟುದಾರರಿಗೆ ಅಷ್ಟಾಗಿ ಇಲ್ಲ. ಅದರ ನಂತರದ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಇಬ್ಬರೂ ಒಪ್ಪಿದ್ದಕ್ಕಿಂತ ಜಾಸ್ತಿ ಹಣ ತೆಗೆದುಕೊಂಡರೆ ದೂರು ಕೊಡಬಹುದು ಅಂತ ಸ್ಪಷ್ಟವಾಗಿ ಇದೆ. ಬಿಲ್ ಅಥವಾ ರಶೀದಿ ಕೊಡದೇ ಇರುವುದೂ ಅನುಚಿತ ವ್ಯಾಪಾರ ಪದ್ಧತಿಯೇ.

ಗಡಿಯ ನಮಗೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಹಳೆಯ 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಎದುರು ಪಾರ್ಟಿ ಇರುವ ಕಡೆ, ಇಲ್ಲವೇ ತಕರಾರು ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಕೆಲಸದವರು ಮಂಗಳೂರಿನವರಾಗಿರಲಿ, ಪುತ್ತೂರಿನವರಾಗಿರಲಿ, ಸುಳ್ಯದವರಾಗಿರಲಿ, ನೀವು ಕಾಸರಗೋಡಿನ ಆಯೋಗಕ್ಕೆ ಹೋದರೆ ಸಾಕು. 5 ಲಕ್ಷ ರೂಪಾಯಿವರೆಗಿನ ಕೆಲಸಕ್ಕೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಆನ್‌ಲೈನಿನಲ್ಲೂ ಕೊಡಬಹುದು. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಆದರೆ ಒಂದು ಮಿತಿ ಗೊತ್ತಿರಲಿ: ನೀವೇ ನಿಂತು ಹೀಗೆ ಮಾಡು ಹಾಗೆ ಮಾಡು ಅಂತ ಹೇಳಿ ದಿನಸಂಬಳಕ್ಕೆ ಕೆಲಸ ಮಾಡಿಸಿಕೊಂಡ ಕೂಲಿಯವರ ಮೇಲೆ ಇಲ್ಲಿ ದೂರು ನಿಲ್ಲುವುದು ಕಷ್ಟ, ಅಂಥ ವೈಯಕ್ತಿಕ ಸೇವೆಯನ್ನು ಕಾಯ್ದೆ ಹೊರಗಿಟ್ಟಿದೆ. ಗುತ್ತಿಗೆ ಹಿಡಿದು ಕೆಲಸ ಮಾಡಿದವರಿಗೆ ಮಾತ್ರ ಇದು.

ಎರಡು ಮೂರು ಸಾವಿರದ ವ್ಯತ್ಯಾಸಕ್ಕೆ ಆಯೋಗದ ತನಕ ಹೋಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆ ಹೇಳಿದರೂ ದಿನಾಂಕ ಮುಂದೆ ಹೋಗುತ್ತಲೇ ಇರುತ್ತದೆ. ಇಂಥದ್ದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡುವುದು ಒಳ್ಳೆಯದು. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ, ಲೋಕ ಅದಾಲತ್ತಿನಲ್ಲಿ ರಾಜಿ ಆದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲೂ ಇಲ್ಲ. ಮೂರನೆಯವರೊಬ್ಬರು ಎದುರು ಕೂತಾಗ ದಿನದಿನದ ಲೆಕ್ಕದ ಚೀಟಿ ತನ್ನಷ್ಟಕ್ಕೇ ಮಾತಾಡುತ್ತದೆ.

ಎಲ್ಲಿ ಕೊಟ್ಟರೂ ಬಿಲ್, ನೀವು ಬರೆದ ಲೆಕ್ಕ, ಹಣ ಕಳಿಸಿದ ದಾಖಲೆ, ಮೆಸೇಜಿನ ಪ್ರತಿ ಜೊತೆಗಿಡಿ. ಫೋನಿನಲ್ಲಿರುವ ಮೂಲ ಮೆಸೇಜನ್ನು ಅಳಿಸಬೇಡಿ, ಫೋನ್ ಬದಲಿಸುವಾಗಲೂ ಜೋಪಾನ. ಮಲಯಾಳದಲ್ಲಿ ಬರೆದ ಬಿಲ್ಲಿಗೆ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಅರ್ಜಿ ಮಲಯಾಳದಲ್ಲೇ ಬೇಕು ಅಂತ ಯಾರಾದರೂ ಹೇಳಿದರೆ ಹೆದರಿ ವಾಪಸ್ ಬರಬೇಡಿ. ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕೇರಳದ 1969ರ ರಾಜ್ಯಭಾಷಾ ಕಾಯ್ದೆಯೂ ಇಲ್ಲಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ, ಎದುರು ಪಾರ್ಟಿಗೆ ಕನ್ನಡ ಬಾರದಿದ್ದರೆ ಇಂಗ್ಲಿಷಿನದೋ ಮಲಯಾಳದ್ದೋ ಒಂದು ಪ್ರತಿ ಜೊತೆಗೆ ಸೇರಿಸಿ. ಲೆಕ್ಕದ ಹಾಳೆಯಲ್ಲಿ ಮಾತ್ರ ದಿನಾಂಕ, ಗಾಡಿ, ಕಿಲೋಮೀಟರ್, ರೂಪಾಯಿ ಇಷ್ಟನ್ನು ಅಂಕಿಯಲ್ಲೇ ಹಾಕಿ.